ಗಾಡಿಗೆ ಎಷ್ಟು ಕರೆಂಟ್ ಬೇಕು?

ಬ್ಯಾಟರಿ ಅಂಗಡಿಯ ಗಲ್ಲಾದ ಹಿಂದೆ ನಾನು ಒಂಬತ್ತು ವರ್ಷ ಕುಳಿತಿದ್ದೆ. ಹೊಸದಾಗಿ ಬೀದಿ ವ್ಯಾಪಾರದ ಗಾಡಿ ಹಾಕಲು ಹೊರಟವರು ಬಂದು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಎಷ್ಟು ಎಎಚ್ ಬ್ಯಾಟರಿ ತೆಗೆದುಕೊಳ್ಳಲಿ, ಸಾರ್?” ಎಎಚ್ ಎಂದರೆ ಆಂಪಿಯರ್-ಗಂಟೆ, ಬ್ಯಾಟರಿ ಎಷ್ಟು ಹಿಡಿಯುತ್ತದೆಂದು ಅದರ ಮೇಲೆ ಬರೆದಿರುವ ಅಂಕಿ. ಮೊದಮೊದಲು ನಾನೂ ಹುರುಪಿನಲ್ಲಿ ನೂರೋ ನೂರೈವತ್ತೋ ಒಂದು ಅಂಕಿ ಹೇಳಿಬಿಡುತ್ತಿದ್ದೆ. ಹಾಗೆ ಹೇಳಿ ಮಾರಿದ ಬ್ಯಾಟರಿಯೊಂದು ಐದೇ ತಿಂಗಳಿಗೆ ಆಟೋ ಏರಿ ವಾಪಸು ಬಂತು. ಬ್ಯಾಟರಿಯ ದೋಷವೇನೂ ಇರಲಿಲ್ಲ, ಕೇಳಬೇಕಾದದ್ದನ್ನು ಕೇಳದೆ ಮಾರಿದ್ದು ನನ್ನ ತಪ್ಪು. ಅಂದಿನಿಂದ ಯಾರು ಎಎಚ್ ಕೇಳಿದರೂ ನಾನು ಮರುಪ್ರಶ್ನೆ ಹಾಕತೊಡಗಿದೆ: “ಗಾಡಿಯಲ್ಲಿ ಏನೇನು ಮಾಡುತ್ತೀರಿ?”

ಹುಬ್ಬಳ್ಳಿಯ ಗಿರ್ಮಿಟ್ ಗಾಡಿ, ಬಸ್ ನಿಲ್ದಾಣದ ಎದುರಿನ ಜ್ಯೂಸ್ ವ್ಯಾನು, ಬೆಂಗಳೂರಿನ ಬಡಾವಣೆಯ ಮರದಡಿಯ ಇಸ್ತ್ರಿ ಗಾಡಿ, ಈ ಮೂರೂ ಚಕ್ರದ ಮೇಲಿನ ವ್ಯಾಪಾರಗಳೇ. ಆದರೆ ಅವುಗಳ ಕರೆಂಟಿನ ಅಗತ್ಯ ಅಳೆದರೆ ಒಂದು ಚಮಚ, ಇನ್ನೊಂದು ಚೊಂಬು, ಮತ್ತೊಂದು ಹಂಡೆ. ಯಾವುದು ತನ್ನದೆಂದು ತಿಳಿಯದವನಿಗೆ ಜನರೇಟರ್ ಒಳ್ಳೆಯದೋ ಸೋಲಾರ್ ಒಳ್ಳೆಯದೋ ಎಂಬ ಚರ್ಚೆಯಿಂದ ಏನೂ ಸಿಗುವುದಿಲ್ಲ.

ಅಳೆಯುವುದು ಕಷ್ಟವಲ್ಲ, ಎರಡು ಪದಗಳು ಗೊತ್ತಿದ್ದರೆ ಸಾಕು. ವ್ಯಾಟ್ ಎಂದರೆ ಯಂತ್ರವೊಂದು ತಿನ್ನುವ ವೇಗ. ಯೂನಿಟ್ ಎಂದರೆ ಅದು ಒಟ್ಟು ತಿಂದದ್ದು: ಸಾವಿರ ವ್ಯಾಟಿನ ಯಂತ್ರ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಮಿಕ್ಸಿ ಗಬಗಬನೆ ಉಂಡು ಎದ್ದು ಹೋಗುವ ಆಳು. ಎಲ್‌ಇಡಿ ಬಲ್ಬ್ ಸಂಜೆಯಿಡೀ ಕುಳಿತು ಒಂದೇ ಚಕ್ಕುಲಿ ಕಡಿಯುವ ಅಜ್ಜಿ. ಮಿಕ್ಸಿಯ ಆರ್ಭಟ ನೋಡಿ ಹೆದರಬೇಕಿಲ್ಲ, ಬಲ್ಬಿನ ಮೌನ ನೋಡಿ ಮರೆಯಲೂ ಬಾರದು.

ಗಿರ್ಮಿಟ್ ಗಾಡಿಗೆ ಬೇಕಾದದ್ದು 9 ವ್ಯಾಟಿನ ಎರಡು ಬಲ್ಬ್, ಐದು ಗಂಟೆ ಹೊತ್ತು. ಅದು 90 ವ್ಯಾಟ್-ಗಂಟೆ (ಸಾವಿರ ವ್ಯಾಟ್-ಗಂಟೆಯಾದರೆ ಒಂದು ಯೂನಿಟ್). ಮೊಬೈಲಿಗೆ ಒಂದು ಚಾರ್ಜು, ‘ಹಣ ಬಂದಿದೆ’ ಎಂದು ಕೂಗುವ ಸೌಂಡ್‌ಬಾಕ್ಸಿಗೆ ಒಂದಿಷ್ಟು ಸೇರಿಸಿದರೂ ಯೂನಿಟ್ಟಿನ ಹತ್ತನೆಯ ಒಂದು ಭಾಗವನ್ನು ಸ್ವಲ್ಪವೇ ದಾಟುತ್ತದೆ. ಅದಕ್ಕೆ ಕೈಯಲ್ಲಿ ಹಿಡಿದು ಒಯ್ಯಬಹುದಾದ 12 ವೋಲ್ಟ್, 26 ಎಎಚ್‌ನ ಚಿಕ್ಕ ಬ್ಯಾಟರಿ ಸಾಕು. ಈ ವ್ಯಾಪಾರಿಗೆ ಯಾರಾದರೂ ಜನರೇಟರ್ ಮಾರಿದ್ದರೆ ಅದು ವ್ಯಾಪಾರವಲ್ಲ, ಸುಲಿಗೆ.

ಜ್ಯೂಸ್ ವ್ಯಾನಿನ ಲೆಕ್ಕ ಸ್ವಲ್ಪ ಉದ್ದ. 750 ವ್ಯಾಟಿನ ಮಿಕ್ಸಿ ನಿಜವಾಗಿ ಅರೆಯುವಾಗ ಸರಾಸರಿ 500 ವ್ಯಾಟ್ ಎಳೆಯುತ್ತದೆ ಎಂದುಕೊಳ್ಳೋಣ. ದಿನಕ್ಕೆ 120 ಲೋಟ, ಲೋಟಕ್ಕೆ ಮುಕ್ಕಾಲು ನಿಮಿಷ. ಒಟ್ಟು ಒಂದೂವರೆ ಗಂಟೆ, ಅಂದರೆ 750 ವ್ಯಾಟ್-ಗಂಟೆ. ಮಿಕ್ಸಿಗೆ ಬೇಕಾದ 230 ವೋಲ್ಟನ್ನು ಬ್ಯಾಟರಿಯಿಂದ ಹುಟ್ಟಿಸುವ ಇನ್ವರ್ಟರು, ನಮ್ಮ ಕಡೆ ಎಲ್ಲರೂ ಯುಪಿಎಸ್ ಎನ್ನುವುದು, ದಾರಿಯಲ್ಲಿ ಸುಮಾರು ಶೇ 15ರಷ್ಟು ತಾನೇ ನುಂಗುತ್ತದೆ. ಹೀಗೆ ಮಿಕ್ಸಿಯ ಪಾಲು 880 ಆಯಿತು. 10 ವ್ಯಾಟಿನ ನಾಲ್ಕು ಬಲ್ಬ್ ಐದು ಗಂಟೆಗೆ 200, ಚಿಕ್ಕ ಫ್ಯಾನು ಎಂಟು ಗಂಟೆಗೆ 160, ಮೊಬೈಲು ಮತ್ತಿತರ ಚಿಲ್ಲರೆ 40. ಎಲ್ಲ ಕೂಡಿಸಿದರೆ ದಿನಕ್ಕೆ 1.3 ಯೂನಿಟ್.

ಇಸ್ತ್ರಿ ಗಾಡಿಯದು ಹಂಡೆ. ಸಾವಿರ ವ್ಯಾಟಿನ ಪೆಟ್ಟಿಗೆ ಕಾದ ಮೇಲೆ ತಾನೇ ಆರಿ ಹತ್ತುತ್ತಾ ಅರ್ಧ ಹೊತ್ತು ಮಾತ್ರ ಉರಿದರೂ ಆರು ಗಂಟೆಗೆ ಮೂರು ಯೂನಿಟ್. ಇದ್ದಿಲ ಪೆಟ್ಟಿಗೆ ಇನ್ನೂ ಬೀದಿಯಲ್ಲಿ ಉಳಿದಿರುವುದಕ್ಕೆ, ಬೆಂಗಳೂರಿನಲ್ಲಿ ಗ್ಯಾಸಿನ ಇಸ್ತ್ರಿ ಪೆಟ್ಟಿಗೆಗಳು ಕಾಣಿಸಿಕೊಂಡಿದ್ದಕ್ಕೆ ಈ ಮೂರು ಯೂನಿಟ್ಟೇ ಕಾರಣ. ತಿರುವಣ್ಣಾಮಲೈಯ ಶಾಲಾ ಬಾಲಕಿ ವಿನೀಶಾ ಉಮಾಶಂಕರ್ ಸೌರಶಕ್ತಿಯ ಇಸ್ತ್ರಿ ಗಾಡಿಯ ವಿನ್ಯಾಸಕ್ಕಾಗಿ 2020ರಲ್ಲಿ ಅಂತರರಾಷ್ಟ್ರೀಯ ಬಹುಮಾನ ಪಡೆದು, 2021ರಲ್ಲಿ ಗ್ಲಾಸ್ಗೊ ಹವಾಮಾನ ಸಮ್ಮೇಳನದಲ್ಲಿ ಮಾತನಾಡಿದಾಗ ಪತ್ರಿಕೆಗಳೆಲ್ಲ ಅವಳ ವಯಸ್ಸನ್ನು ಕೊಂಡಾಡಿದವು. ನನಗೆ ಬೆರಗಾದದ್ದು ಅವಳು ಆರಿಸಿಕೊಂಡ ಲೆಕ್ಕದ ಕಾಠಿಣ್ಯ. ಬೀದಿಯ ಗಾಡಿಗಳಲ್ಲಿ ಕರೆಂಟಿಗೆ ಅತಿ ಕಷ್ಟದ ಕೆಲಸವನ್ನೇ ಹಿಡಿದಿದ್ದಳು.

ಬಿಸಿ, ತಂಪು

ಇಸ್ತ್ರಿ ಗಾಡಿ ಕಲಿಸುವ ಪಾಠವನ್ನು ಉಳಿದ ಗಾಡಿಗಳಿಗೂ ಹಾಕಿ ನೋಡಬೇಕು. ಕರೆಂಟಿನಿಂದ ಬಿಸಿ ಹುಟ್ಟಿಸುವಷ್ಟು ದುಬಾರಿ ಕೆಲಸ ಗಾಡಿಯಲ್ಲಿ ಇನ್ನೊಂದಿಲ್ಲ. ಒಂದು ಕಿಲೋ ಅಡುಗೆ ಅನಿಲದಲ್ಲಿ ಸುಮಾರು 12.8 ಯೂನಿಟ್ಟಿನಷ್ಟು ಶಾಖವಿದೆ. ಹೋಟೆಲಿಗೆ ಬರುವ 19 ಕಿಲೋ ಸಿಲಿಂಡರಿನಲ್ಲಿ 240 ಯೂನಿಟ್ ದಾಟುತ್ತದೆ. ಅಷ್ಟನ್ನು 100 ಎಎಚ್‌ನ ಸೀಸದ ಬ್ಯಾಟರಿಗಳಿಂದ, ಅವುಗಳ ಆಯುಸ್ಸು ಕೆಡದ ಹಾಗೆ ಪಡೆಯಲು ಹೊರಟರೆ ನಾನೂರು ಬ್ಯಾಟರಿ ಬೇಕು. ಒಲೆಯಲ್ಲಿ ಅರ್ಧ ಶಾಖ ಗಾಳಿಗೆ ಹೋಗುತ್ತದೆಂದು ಲೆಕ್ಕ ಹಿಡಿದರೂ ಇನ್ನೂರು. ಆದ್ದರಿಂದ ಗಾಡಿಯಲ್ಲಿ ಇಂಡಕ್ಷನ್ ಒಲೆ, ಕರೆಂಟಿನ ಕೆಟಲ್, ಸ್ಯಾಂಡ್‌ವಿಚ್ ಸುಡುವ ಯಂತ್ರಗಳ ಆಸೆ ಬಿಡುವುದು ಲೇಸು. ಚಹಾ ಕುದಿಯುವುದು ಗ್ಯಾಸಿನ ಮೇಲೆ, ಬಿಸಿ ಉಳಿಯುವುದು ಒಳ್ಳೆಯ ಫ್ಲಾಸ್ಕಿನಲ್ಲಿ. ಮನೆಯ ಕೆಂಪು ಸಿಲಿಂಡರನ್ನು ಗಾಡಿಗೆ ತರುವುದು ನಿಯಮಕ್ಕೆ ವಿರುದ್ಧ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ತಂಪಿನ ವಿಷಯದಲ್ಲಿ ನಮ್ಮ ಐಸ್‌ಕ್ರೀಮ್ ಗಾಡಿಯವರು ಎಂದೋ ದಾರಿ ಕಂಡುಕೊಂಡಿದ್ದಾರೆ. ಬಿಸಿಲಲ್ಲಿ ದಿನವಿಡೀ ಸುತ್ತುವ ಆ ತಳ್ಳುಗಾಡಿಯೊಳಗೆ ಹಲವು ಸಲ ಫ್ರಿಜ್ಜೇ ಓಡುತ್ತಿರುವುದಿಲ್ಲ. ಉಪ್ಪಿನ ದ್ರಾವಣ ತುಂಬಿದ ಮುಚ್ಚಿದ ಫಲಕಗಳು ಪೆಟ್ಟಿಗೆಯ ಗೋಡೆಯಲ್ಲಿರುತ್ತವೆ. ರಾತ್ರಿ ಡಿಪೋದಲ್ಲಿ ಕರೆಂಟಿಗೆ ಚುಚ್ಚಿದಾಗ ದ್ರಾವಣ ಗಡ್ಡೆ ಕಟ್ಟುತ್ತದೆ, ಹಗಲು ಕರಗುತ್ತಾ ಒಳಗನ್ನು ತಣ್ಣಗಿಡುತ್ತದೆ. ಕರೆಂಟನ್ನು ಕೂಡಿಡುವ ಬದಲು ತಂಪನ್ನೇ ಕೂಡಿಟ್ಟ ಹಾಗಾಯಿತು.

ಜ್ಯೂಸಿನವನಿಗೂ ಇದೇ ಉಪಾಯ ನಡೆಯುತ್ತದೆ. ಹತ್ತು ಕಿಲೋ ಮಂಜುಗಡ್ಡೆ ಕರಗುವಾಗ ಸುಮಾರು 0.93 ಯೂನಿಟ್ ಶಾಖವನ್ನು ಹೀರುತ್ತದೆ. ವ್ಯಾನಿನಲ್ಲಿ ಫ್ರಿಜ್ ಇಟ್ಟರೆ ಬಿಸಿಲಿನ ದಿನ ಅದೊಂದೇ ಒಂದು ಯೂನಿಟ್ ದಾಟಿ, ಒಟ್ಟು ಲೆಕ್ಕ ಸುಮಾರು ಎರಡು ಪಟ್ಟಾಗುತ್ತದೆ. ಅದರ ಮೇಲೆ ಫ್ರಿಜ್ಜಿನ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಐದಾರು ಪಟ್ಟು ಕರೆಂಟ್ ಎಳೆಯುವುದರಿಂದ, ಆ ಒಂದು ಕ್ಷಣಕ್ಕಾಗಿ ದೊಡ್ಡ ಇನ್ವರ್ಟರ್ ಕೊಳ್ಳಬೇಕು. ದಪ್ಪ ಗೋಡೆಯ ಐಸ್ ಪೆಟ್ಟಿಗೆ ಕೊಂಡವನು ಬ್ಯಾಟರಿಯ ಖರ್ಚಿನಲ್ಲಿ ಅರ್ಧ ಉಳಿಸಿದಂತೆಯೇ.

ಬ್ಯಾಟರಿಯ ಮೇಲಿನ ಅಂಕಿ

ಇಷ್ಟು ಜರಡಿ ಹಿಡಿದ ಮೇಲೆ ಎಎಚ್ ಕೇಳಬಹುದು. ಎಎಚ್ ಒಂದೇ ಏನನ್ನೂ ಹೇಳುವುದಿಲ್ಲ, ಅದನ್ನು ವೋಲ್ಟಿನಿಂದ ಗುಣಿಸಬೇಕು. 12 ವೋಲ್ಟ್, 100 ಎಎಚ್ ಎಂದರೆ 1200 ವ್ಯಾಟ್-ಗಂಟೆ, ಅಂದರೆ 1.2 ಯೂನಿಟ್. ಗುಣಿಸದೆ ಮೋಸ ಹೋಗುವುದು ಪವರ್‌ಬ್ಯಾಂಕ್ ಕೊಳ್ಳುವಾಗ. 20,000 ಎಂಬ ದೊಡ್ಡ ಅಂಕಿ ಮಿಲಿಆಂಪಿಯರ್-ಗಂಟೆಯ ಲೆಕ್ಕದ್ದು, ಅಂದರೆ 20 ಎಎಚ್; ಒಳಗಿನ ಕೋಶ 3.7 ವೋಲ್ಟಿನದು. ಎರಡನ್ನೂ ಗುಣಿಸಿದರೆ ಉಳಿಯುವುದು 74 ವ್ಯಾಟ್-ಗಂಟೆ. ಗಿರ್ಮಿಟ್ ಗಾಡಿಯ ಒಂದು ಸಂಜೆಗೂ ಸಾಲದು.

ಸೀಸದ ಬ್ಯಾಟರಿಯಲ್ಲಿ ಬರೆದಷ್ಟೂ ನಮ್ಮದಲ್ಲ. ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದು ಬೇಗ ಸಾಯುತ್ತದೆ. ಇನ್ನೊಂದು ಸಂಗತಿಯನ್ನು ಯಾವ ಮಾರಾಟಗಾರನೂ ತಾನಾಗಿ ಹೇಳುವುದಿಲ್ಲ. ಲೇಬಲ್ಲಿನ ಮೇಲೆ ಚಿಕ್ಕ ಅಕ್ಷರದಲ್ಲಿ ಸಿ20 ಎಂದಿರುತ್ತದೆ: 150 ಎಎಚ್ ಎಂಬುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದಾಗ ಸಿಗುವ ಲೆಕ್ಕ. ಅಂದರೆ ಏಳೂವರೆ ಆಂಪಿಯರ್‌ನಂತೆ ಎಳೆದಾಗ. ನಮ್ಮ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ ಎಳೆಯುವುದು ಐವತ್ತರ ಹತ್ತಿರ. ಹೀಗೆ ದಡಬಡಿಸಿ ಎಳೆದರೆ ಅದೇ ಬ್ಯಾಟರಿ ಕಡಿಮೆ ಕೊಡುತ್ತದೆ. ಕಬ್ಬನ್ನು ಅವಸರದಲ್ಲಿ ಗಾಣಕ್ಕೆ ತುರುಕಿದರೆ ಸಿಪ್ಪೆಯಲ್ಲಿ ರಸ ಉಳಿಯುತ್ತದಲ್ಲ, ಹಾಗೆ.

ಆ ಲೆಕ್ಕದಲ್ಲಿ ಜ್ಯೂಸ್ ವ್ಯಾನಿಗೆ 150 ಎಎಚ್‌ನ ಒಂದು ಟ್ಯೂಬುಲರ್ ಬ್ಯಾಟರಿ (ದಿನವೂ ಇಳಿಸಿ ತುಂಬಲೆಂದೇ ಮಾಡಿದ ಸೀಸದ ಬ್ಯಾಟರಿ) ಸಾಲದು: 1.8 ಯೂನಿಟ್ಟಿನ ಅರ್ಧ 0.9, ಬೇಕಾದದ್ದು 1.3. ಎರಡು ಬೇಕು. ಎರಡೂ ಸೇರಿ ನೂರು ಕಿಲೋ ಮೀರುತ್ತವೆ. ವ್ಯಾನಿಗೆ ಅದೇನೂ ಭಾರವಲ್ಲ, ತಳ್ಳುಗಾಡಿಯನ್ನು ಫ್ಲೈಓವರ್ ಏರಿಸುವವನ ಸೊಂಟಕ್ಕೆ ಕೇಳಿ ನೋಡಿ. ಅದೇ ಕೆಲಸವನ್ನು 12.8 ವೋಲ್ಟ್, 150 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಒಂದೇ ಮಾಡುತ್ತದೆ. ಅದು ಶೇ 80–90ರಷ್ಟು ಇಳಿದರೂ ಮುನಿಯುವುದಿಲ್ಲ, ತೂಕ ಇಪ್ಪತ್ತು ಕಿಲೋದ ಆಸುಪಾಸು, ಎರಡು ಸಾವಿರಕ್ಕೂ ಹೆಚ್ಚು ಸಲ ತುಂಬಿ ಇಳಿಸಬಹುದು. ಅಂಗಡಿಯಲ್ಲಿ ಪಕ್ಕಪಕ್ಕ ಇಟ್ಟು ಬೆಲೆ ಕೇಳಿದರೆ ಲಿಥಿಯಂ ಎರಡು ಮೂರು ಪಟ್ಟು ಕಾಣುತ್ತದೆ. ಆದರೆ ಒಂದು ಲಿಥಿಯಂ ಎರಡು ಟ್ಯೂಬುಲರ್ ಜಾಗದಲ್ಲಿ ಕುಳಿತುಕೊಂಡಾಗ ಆ ಅಂತರದ ಬಹುಪಾಲು ಕರಗುತ್ತದೆ.

ಹಾಗೆಂದು ಎಲ್ಲರಿಗೂ ಲಿಥಿಯಂ ಎನ್ನಲು ನನ್ನ ನಾಲಿಗೆ ಏಳುವುದಿಲ್ಲ. ಅದರೊಳಗೆ ಕೋಶಗಳನ್ನು ಕಾಯುವ ಒಂದು ಇಲೆಕ್ಟ್ರಾನಿಕ್ ಹಲಗೆ ಇರುತ್ತದೆ. ಅದು ಕೈಕೊಟ್ಟರೆ ಬ್ಯಾಟರಿ ಇದ್ದಕ್ಕಿದ್ದಂತೆ ಶೂನ್ಯ. ದೊಡ್ಡ ನಗರದಲ್ಲಾದರೆ ಬದಲಿಸಿಕೊಡುವವರಿದ್ದಾರೆ, ತಾಲ್ಲೂಕು ಕೇಂದ್ರದಲ್ಲಿ ಪೆಟ್ಟಿಗೆಯನ್ನು ಕೊರಿಯರ್ ಮಾಡಿ ಮೂರು ವಾರ ಕಾಯಬೇಕಾದೀತು. ಸೀಸದ ಬ್ಯಾಟರಿ ಮುದುಕರ ಹಾಗೆ, ಮುನ್ಸೂಚನೆ ಕೊಟ್ಟು ಸೊರಗುತ್ತದೆ. ಯಾವ ಊರಿನ ಬ್ಯಾಟರಿ ಅಂಗಡಿಯವನಿಗೂ ಅದರ ನಾಡಿ ಗೊತ್ತು, ಸತ್ತ ಮೇಲೂ ಗುಜರಿಯಲ್ಲಿ ಸೀಸಕ್ಕೆ ಬೆಲೆ ಇದೆ. ಕರೆಂಟಿಗೆ ಭರವಸೆಯ ಮೂಲ ಯಾವುದು ಎಂದು ಕೇಳುವವರು ಈ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ಇದು ಕೆಟ್ಟರೆ ನನ್ನ ಊರಿನಲ್ಲಿ ಎಷ್ಟು ದಿನಕ್ಕೆ ಸರಿಯಾಗುತ್ತದೆ? ಕೆಡದ ವಸ್ತುವನ್ನು ನಾನಂತೂ ಮಾರಿಲ್ಲ.

ಐದು ತಿಂಗಳಿಗೆ ವಾಪಸು ಬಂದ ಬ್ಯಾಟರಿಯ ಕಥೆಗೆ ಬರುತ್ತೇನೆ. ಅದನ್ನು ಕೊಂಡವನು ರಾತ್ರಿ ಹತ್ತಕ್ಕೆ ಮನೆಗೆ ಹೋಗಿ ಬೆಳಿಗ್ಗೆ ಚಾರ್ಜಿಗೆ ಹಾಕುತ್ತಿದ್ದ. ಮಧ್ಯಾಹ್ನ ಮೂರಕ್ಕೆ ಮತ್ತೆ ಗಾಡಿ. ಬ್ಯಾಟರಿ ಎಂದೂ ಪೂರ್ತಿ ತುಂಬಲೇ ಇಲ್ಲ. ಸೀಸದ ಬ್ಯಾಟರಿ ಅರೆಹೊಟ್ಟೆಯಲ್ಲಿ ಬಹಳ ದಿನ ಇದ್ದರೆ ಅದರ ಫಲಕಗಳ ಮೇಲೆ ಸಲ್ಫೇಟಿನ ಹರಳು ಗಟ್ಟಿಯಾಗಿ ಕೂರುತ್ತದೆ, ಮತ್ತೆ ಕರಗುವುದಿಲ್ಲ. ಹೋಗಿ ಬರುವ ಕರೆಂಟಿನ ನಡುವೆ ಅಪರೂಪಕ್ಕೆ ದುಡಿಯುವ ಮನೆಯ ಯುಪಿಎಸ್ ಬ್ಯಾಟರಿಗೂ, ದಿನಗೂಲಿ ಮಾಡುವ ಗಾಡಿಯ ಬ್ಯಾಟರಿಗೂ ಇರುವ ವ್ಯತ್ಯಾಸ ಅದು. ರಾತ್ರಿ ಬಂದ ತಕ್ಷಣ ಚುಚ್ಚಿ, ಬೆಳಿಗ್ಗೆ ತೆಗೆಯಬೇಕು. ಎರಡು ಗಂಟೆ ಬಿಟ್ಟು ವೋಲ್ಟ್‌ಮೀಟರ್ ಹಿಡಿದರೆ 12.7 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಲಿಥಿಯಮ್ಮಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅದರ ವೋಲ್ಟು ಕೊನೆಯವರೆಗೂ ಹೆಚ್ಚುಕಡಿಮೆ ಒಂದೇ ಸಮ ಇದ್ದು ಆಮೇಲೆ ಧೊಪ್ಪನೆ ಬೀಳುತ್ತದೆ.

ಗುಜರಿಯಿಂದ ಹಳೆಯ ಕಾರಿನ ಬ್ಯಾಟರಿ ತಂದು ಗಾಡಿಗೆ ಕಟ್ಟುವವರು ಬಹಳ. ಕಾರಿನ ಬ್ಯಾಟರಿ ಎಂಜಿನ್ ಹೊತ್ತಿಸುವ ಮೂರು ಸೆಕೆಂಡಿಗಾಗಿ ಹುಟ್ಟಿದ್ದು, ಅದರ ಫಲಕಗಳು ತೆಳು. ದಿನವೂ ಆಳಕ್ಕೆ ಇಳಿಸಿದರೆ ಕೆಲವು ತಿಂಗಳೂ ಬಾಳುವುದಿಲ್ಲ. ಇನ್ನು ಸೆಕೆ. ಸೀಸದ ಬ್ಯಾಟರಿಯ ಸುತ್ತಲಿನ ಉಷ್ಣತೆ ಹತ್ತು ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧವಾಗುತ್ತದೆಂಬುದು ಹಳೆಯ ಅಂದಾಜು. ಕಲಬುರಗಿಯ ಮೇ ತಿಂಗಳಲ್ಲಿ ಒಲೆಯ ಕೆಳಗಿನ ಅರೆಯಲ್ಲಿ ಕುಳಿತ ಬ್ಯಾಟರಿ, ಶಿರಸಿಯಲ್ಲಿರುವ ತನ್ನ ಸೋದರನಷ್ಟು ಬಾಳುವುದಿಲ್ಲ. ಒಲೆಯ ಕೆಳಗೆ ಇಡಬಾರದೆನ್ನಲು ಇನ್ನೂ ಗಂಭೀರ ಕಾರಣವಿದೆ: ಚಾರ್ಜ್ ಆಗುವಾಗ ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಬೆಂಕಿಯೂ ಅದೂ ಒಂದೇ ಪೆಟ್ಟಿಗೆಯಲ್ಲಿ ಬೇಡ.

ಜನರೇಟರಿನ ಸದ್ದು, ಜನರೇಟರಿನ ಲೆಕ್ಕ

ಕಡಲೆಕಾಯಿ ಪರಿಷೆಗೆ ಬಸವನಗುಡಿಗೆ ಹೋದವರಿಗೆ ಜನರೇಟರಿನ ಗುಡುಗುಡು ಹೊಸದಲ್ಲ. ನನಗೆ ಆ ಸದ್ದು ಕೇಳಿದಾಗಲೆಲ್ಲ ನೋಟು ಎಣಿಸುವ ಸದ್ದೇ ಕೇಳಿದಂತಾಗುತ್ತದೆ. ಒಂದು ಕೆವಿಎ, ಅಂದರೆ ಸಾವಿರ ವ್ಯಾಟಿನ ಆಸುಪಾಸಿನ, ಪೆಟ್ರೋಲ್ ಜನರೇಟರ್ ಗಂಟೆಗೆ ಅರ್ಧ ಲೀಟರ್ ಆಸುಪಾಸು ಕುಡಿಯುತ್ತದೆ. ನಮ್ಮ ಜ್ಯೂಸ್ ವ್ಯಾನಿನ ಮಿಕ್ಸಿ ಒಂದು ಗಂಟೆಯಲ್ಲಿ ಹತ್ತು ಹನ್ನೆರಡು ನಿಮಿಷ ಓಡುವುದು. ಉಳಿದ ಹೊತ್ತೆಲ್ಲ ಎಂಜಿನ್ ಬಲ್ಬಿಗಾಗಿ ಉರಿಯುತ್ತದೆ, ಆಗಲೂ ಪೆಟ್ರೋಲ್ ಹೆಚ್ಚೇನೂ ಕಡಿಮೆಯಾಗುವುದಿಲ್ಲ. ಎಂಟು ಗಂಟೆಗೆ ಮೂರೂವರೆ, ನಾಲ್ಕು ಲೀಟರ್. ಲೀಟರಿಗೆ ನೂರರ ಮೇಲಿರುವ ಬೆಲೆಯಲ್ಲಿ ದಿನಕ್ಕೆ ಸುಮಾರು 350ರಿಂದ 400 ರೂಪಾಯಿ. ಅದೇ 1.3 ಯೂನಿಟ್ಟನ್ನು ರಾತ್ರಿ ಗೋಡೆಯ ಪ್ಲಗ್ಗಿನಿಂದ ಬ್ಯಾಟರಿಗೆ ತುಂಬಿದರೆ, ಚಾರ್ಜಿಂಗಿನ ನಷ್ಟ ಸೇರಿ ಎರಡು ಯೂನಿಟ್. ವಾಣಿಜ್ಯ ದರ ಹಿಡಿದರೂ ಇಪ್ಪತ್ತು ರೂಪಾಯಿ ದಾಟುವುದು ಕಷ್ಟ. ಗೃಹಜ್ಯೋತಿ ಇದೆಯಲ್ಲ ಎಂದು ಕಣ್ಣು ಮಿಟುಕಿಸುವವರಿಗೆ: ಆ ಯೋಜನೆ ಇರುವುದು ಗೃಹಬಳಕೆಗೆ, ಹೆಸರಲ್ಲೇ ಇದೆ.

ಆದರೂ ಜನರೇಟರಿಗೆ ತನ್ನದೇ ಜಾಗವಿದೆ. ಕೆಲಸ ಎಡೆಬಿಡದೆ ಇರಬೇಕು, ಪ್ಲಗ್ ಸಿಗುವ ಹಾಗಿರಬಾರದು: ಹೆದ್ದಾರಿ ಬದಿ ಟೈರಿಗೆ ಗಾಳಿ ತುಂಬುವ ಕಂಪ್ರೆಸರ್, ದಿನವಿಡೀ ತಿರುಗುವ ಕಬ್ಬಿನ ಗಾಣ, ಮೂರು ದಿನ ಬಯಲಲ್ಲೇ ಬೀಡು ಬಿಡುವ ಜಾತ್ರೆಯ ಅಂಗಡಿ. ಕಬ್ಬಿನ ಗಾಣಕ್ಕಂತೂ ಎಂಜಿನ್ನನ್ನು ನೇರವಾಗಿ ಬೆಲ್ಟಿನಿಂದ ಜೋಡಿಸುವುದು ಜಾಣತನ. ಎಂಜಿನ್ನಿನಿಂದ ಕರೆಂಟ್ ಮಾಡಿ, ಆ ಕರೆಂಟಿನಿಂದ ಮೋಟಾರ್ ತಿರುಗಿಸುವುದು ಸುತ್ತುದಾರಿ. ಜಾತ್ರೆಯಲ್ಲಿ ದೊಡ್ಡ ಜನರೇಟರ್ ತಂದವನಿಂದ ಬಲ್ಬಿಗೆ ಇಷ್ಟೆಂದು ಕೊಟ್ಟು ಲೈನ್ ಎಳೆಸಿಕೊಳ್ಳುವ ಹಳೆಯ ಪದ್ಧತಿಯೂ ಲೆಕ್ಕಕ್ಕೆ ಸರಿಯೇ.

ಕೊಂಡವರು ಎರಡು ಸಂಗತಿ ಮರೆಯಬಾರದು. ಜಾತ್ರೆಯಿಂದ ಜಾತ್ರೆಗೆ ತಿಂಗಳುಗಟ್ಟಲೆ ಮೂಲೆಯಲ್ಲಿಡುವಾಗ ಟ್ಯಾಂಕ್ ಮತ್ತು ಕಾರ್ಬುರೇಟರಿನ ಪೆಟ್ರೋಲನ್ನು ಪೂರ್ತಿ ಖಾಲಿ ಮಾಡಬೇಕು. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. “ಕಳೆದ ಸಲ ಚೆನ್ನಾಗಿತ್ತು, ಈಗ ಹತ್ತುತ್ತಲೇ ಇಲ್ಲ” ಎಂದು ಬರುವ ಹೆಚ್ಚಿನ ಜನರೇಟರುಗಳ ರೋಗ ಇದೇ. ಎರಡನೆಯದು ಪ್ರಾಣದ ವಿಷಯ. ಮಳೆ ಬಂತೆಂದು ಜನರೇಟರನ್ನು ವ್ಯಾನಿನೊಳಗೋ ಟಾರ್ಪಾಲಿನ ಒಳಗೋ ಎಳೆದುಕೊಂಡರೆ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಬಣ್ಣವಿಲ್ಲದೆ, ವಾಸನೆಯಿಲ್ಲದೆ ಕೊಲ್ಲುತ್ತದೆ. ಮಳೆಯಲ್ಲಿ ನೆನೆಯುವುದಿದ್ದರೆ ಆರಿಸಿ ಕತ್ತಲಲ್ಲಿ ಕೂರುವುದೇ ವಾಸಿ.

ಬಿಸಿಲೂ ನೆರಳೂ

ಸೋಲಾರ್ ಬಗ್ಗೆ ಕೇಳದವರಿಲ್ಲ, ಗಾಡಿಯ ಛಾವಣಿಗೆ ಹಾಕಿ ಪೂರ್ತಿ ಸುಖ ಕಂಡವರು ಕಡಿಮೆ. ನೂರು ವ್ಯಾಟಿನ ಫಲಕ ನಮ್ಮ ಬಯಲುಸೀಮೆಯ ಒಳ್ಳೆಯ ಬಿಸಿಲಿಗೆ ದಿನಕ್ಕೆ 400 ವ್ಯಾಟ್-ಗಂಟೆ ಕೊಡುತ್ತದೆ. ಗಿರ್ಮಿಟ್ ಗಾಡಿಗೆ ಹೊಟ್ಟೆ ತುಂಬಿ ಮಿಗುತ್ತದೆ, ಜ್ಯೂಸ್ ವ್ಯಾನಿಗೆ ಅಂಥವು ನಾಲ್ಕು ಬೇಕು. ತೊಡಕಿರುವುದು ಬೇರೆ ಕಡೆ. ವ್ಯಾಪಾರಕ್ಕೆ ಒಳ್ಳೆಯ ಜಾಗವೆಂದರೆ ಮರದ ನೆರಳು. ಗಿರಾಕಿ ನಿಲ್ಲುವುದು ಅಲ್ಲೇ, ಹಣ್ಣು ಬಾಡದಿರುವುದು ಅಲ್ಲೇ. ಫಲಕದ ಒಂದು ಮೂಲೆಗೆ ಬಿದ್ದ ನೆರಳು ಮಾತ್ರ ಆ ಮೂಲೆಯಷ್ಟೇ ಕಸಿಯುವುದಿಲ್ಲ. ಒಳಗಿನ ಕೋಶಗಳು ಸರಪಳಿಯಂತೆ ಜೋಡಿಸಿರುವುದರಿಂದ ಉತ್ಪಾದನೆಯ ದೊಡ್ಡ ಪಾಲನ್ನೇ ಕಸಿಯುತ್ತದೆ. ಅದಕ್ಕೇ ನಾನು ಫಲಕವನ್ನು ಗಾಡಿಯ ಮೇಲಲ್ಲ, ಮನೆಯ ಮಾಡಿನ ಮೇಲೆ ಹಾಕಿಸಿ ಎನ್ನುತ್ತೇನೆ. ಎರಡು ಚಿಕ್ಕ ಲಿಥಿಯಂ ಬ್ಯಾಟರಿಯಿದ್ದರೆ ಒಂದು ಮನೆಯಲ್ಲಿ ತುಂಬುತ್ತಿರುವಾಗ ಇನ್ನೊಂದು ಗಾಡಿಯಲ್ಲಿ ದುಡಿಯುತ್ತದೆ. ಒಂದು ಕೆಟ್ಟರೂ ಗಾಡಿ ನಿಲ್ಲುವುದಿಲ್ಲ.

ಹಗಲು ಬಿಸಿಲಲ್ಲಿ ಬ್ಯಾಟರಿಗಳನ್ನು ತುಂಬಿ ಸಂಜೆ ಬೀದಿ ವ್ಯಾಪಾರಿಗಳಿಗೆ ದೀಪ ಸಮೇತ ದಿನಬಾಡಿಗೆಗೆ ಕೊಡುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ಬೆಳೆಸಿದ್ದು ಬೆಂಗಳೂರಿನ ಸೆಲ್ಕೋ ಸಂಸ್ಥೆ. 1995ರಲ್ಲಿ ಅದನ್ನು ಕಟ್ಟಿದವರಲ್ಲಿ ಒಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆ, ಬೀದಿ ವ್ಯಾಪಾರಿಯೊಬ್ಬರು ತಮಗೆ ಕಲಿಸಿದ ಪಾಠವನ್ನು ಹೇಳುವುದುಂಟು: ತಿಂಗಳಿಗೆ 300 ರೂಪಾಯಿ ದುಬಾರಿ, ದಿನಕ್ಕೆ 10 ರೂಪಾಯಿ ಆಗಬಹುದು. ಗಣಿತದ ಮೇಷ್ಟರಿಗೆ ಎರಡೂ ಒಂದೇ. ಸಂಜೆಯ ದುಡ್ಡು ರಾತ್ರಿಯೇ ಖರ್ಚಾಗುವ ಮನೆಯಲ್ಲಿ ಅವೆರಡೂ ಬೇರೆಯೇ.

ಅದಕ್ಕೇ ಆಯುಸ್ಸಿನ ಲೆಕ್ಕ ತೋರಿಸಿ ಲಿಥಿಯಮ್ಮೇ ಅಗ್ಗ ಎಂದು ಸಾಧಿಸುವವರ ಮುಂದೆ ನಾನು ಸುಮ್ಮನಾಗುತ್ತೇನೆ. ಎಂಟು ವರ್ಷಕ್ಕೆ ಹಂಚಿದರೆ ಅಗ್ಗ ಹೌದು, ಮೀಟರ್ ಬಡ್ಡಿಗೆ ಸಾಲ ತಂದವನಿಗೆ ಎಂಟು ತಿಂಗಳೇ ದೂರ. ಬೀದಿ ವ್ಯಾಪಾರಿಗಳಿಗಿರುವ ಸರ್ಕಾರಿ ಸಾಲ ಯೋಜನೆ ಪಿಎಂ ಸ್ವನಿಧಿಯ ಮೊದಲ ಸಾಲ 2020ರಲ್ಲಿ 10,000 ರೂಪಾಯಿ ಇತ್ತು, 2025ರ ಪರಿಷ್ಕರಣೆಯಲ್ಲಿ 15,000 ಆಯಿತು. ಅಷ್ಟಕ್ಕೆ ಒಂದು ಟ್ಯೂಬುಲರ್ ಬ್ಯಾಟರಿ ಬರಬಹುದು, ಯುಪಿಎಸ್ಸಿಗೆ ಉಳಿಯುವುದಿಲ್ಲ. ಬಲ್ಬು ಮತ್ತು ಮೊಬೈಲಿಗಾಗುವಷ್ಟು ಚಿಕ್ಕ ಬ್ಯಾಟರಿಯಿಂದ ಶುರು ಮಾಡಿ, ಮಿಕ್ಸಿಯ ಕೆಲಸವನ್ನು ಮುಂದಿನ ಕಂತಿಗೆ ಇಟ್ಟುಕೊಳ್ಳುವುದು ನಾನು ಕಂಡ ಮಟ್ಟಿಗೆ ನಿದ್ದೆ ಕೆಡಿಸದ ದಾರಿ.

ವಾಹನದಿಂದಲೇ ಎಳೆದರೆ?

ವ್ಯಾನಿನ ಎಂಜಿನ್ ಓಡುವಾಗ ಅದರ ಬಲದಿಂದ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನಿಂದ ಎರಡನೆಯ ಬ್ಯಾಟರಿಯನ್ನು ತುಂಬಿಸಬಹುದು. ಎಂಜಿನ್ ಆರಿದಾಗ ಎರಡು ಬ್ಯಾಟರಿಗಳನ್ನು ಬೇರ್ಪಡಿಸುವ ರಿಲೇ ಎಂಬ ಸ್ವಿಚ್ಚು ನಡುವೆ ಇರಲೇಬೇಕು, ಇಲ್ಲದಿದ್ದರೆ ರಾತ್ರಿ ಜ್ಯೂಸ್ ಮುಗಿಯುವ ಹೊತ್ತಿಗೆ ವ್ಯಾನು ಸ್ಟಾರ್ಟ್ ಆಗದೆ ತಳ್ಳಲು ಗಿರಾಕಿಗಳನ್ನೇ ಕರೆಯಬೇಕಾಗುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿ ಚಾರ್ಜ್ ಮಾಡುವುದಂತೂ ಜನರೇಟರಿಗಿಂತಲೂ ದಂಡ. ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಹೇಗೂ ಓಡುವ ತರಕಾರಿ ವ್ಯಾನಿಗೆ ಇದು ಒಳ್ಳೆಯ ಉಪಾಯ.

ಬ್ಯಾಟರಿ ರಿಕ್ಷಾದ ಮೇಲೆ ಅಂಗಡಿ ಕಟ್ಟಿದವರು ಮಾಡುವ ತಪ್ಪು ಇನ್ನೊಂದು. ಸೀಟಿನಡಿ ಸಾಲಾಗಿ 12 ವೋಲ್ಟಿನ ನಾಲ್ಕು ಬ್ಯಾಟರಿ ಇರುತ್ತವೆ. ಬಲ್ಬಿಗೆ 12 ಸಾಕಲ್ಲ ಎಂದು ಒಂದರಿಂದ ಮಾತ್ರ ತಂತಿ ಎಳೆಯುತ್ತಾರೆ. ಆ ಒಂದು ದಿನವೂ ಉಳಿದ ಮೂರಕ್ಕಿಂತ ಹೆಚ್ಚು ಇಳಿದು ಮೊದಲು ಸಾಯುತ್ತದೆ, ಉಳಿದ ಮೂರನ್ನೂ ಜೊತೆಗೆ ಎಳೆದೊಯ್ಯುತ್ತದೆ. 48 ವೋಲ್ಟಿನಿಂದ 12ಕ್ಕೆ ಇಳಿಸುವ ಕನ್ವರ್ಟರ್ ಹಾಕಿದರೆ ನಾಲ್ಕರ ಮೇಲೂ ಭಾರ ಸಮನಾಗಿ ಬೀಳುತ್ತದೆ. ಅದರ ಬೆಲೆ ಒಂದು ಬ್ಯಾಟರಿಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ.

ಬೀದಿದೀಪದ ಕಂಬಕ್ಕೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ 135ನೇ ಕಲಮಿನ ಪ್ರಕಾರ ಕಳವು, ಮೂರು ವರ್ಷದವರೆಗೆ ಸೆರೆವಾಸವಿದೆ. ಕಾಯ್ದೆಗಿಂತ ನಾನು ಹೆದರುವುದು ಮಳೆಗೆ: ಒದ್ದೆ ನೆಲ, ಕಬ್ಬಿಣದ ಗಾಡಿ, ತೇಪೆ ಹಾಕಿದ ತಂತಿ. ಗಾಡಿಯೊಳಗೂ ಸಾಧ್ಯವಾದಷ್ಟನ್ನು 12 ವೋಲ್ಟಿನಲ್ಲೇ ಓಡಿಸಿ ಎನ್ನುವುದಕ್ಕೆ ಅದೂ ಒಂದು ಕಾರಣ, 12 ವೋಲ್ಟ್ ಮುಟ್ಟಿದರೆ ಹೊಡೆಯುವುದಿಲ್ಲ. ಇನ್ನೊಂದು ಕಾರಣ, ಸುಮ್ಮನೆ ಆನ್ ಆಗಿ ಕುಳಿತ ಯುಪಿಎಸ್ ಕೂಡ ಹತ್ತು ಇಪ್ಪತ್ತು ವ್ಯಾಟ್ ತಿನ್ನುತ್ತಲೇ ಇರುತ್ತದೆ. ಇಪ್ಪತ್ತೆಂದರೆ ಹತ್ತು ಗಂಟೆಯಲ್ಲಿ ಅದು ನಾಲ್ಕು ಬಲ್ಬಿನ ಪಾಲನ್ನೇ ತಿಂದಿರುತ್ತದೆ. ಬಲ್ಬು, ಫ್ಯಾನು, ಮೊಬೈಲು ನೇರ ಬ್ಯಾಟರಿಗೆ, ಮಿಕ್ಸಿ ಓಡಿಸುವಾಗ ಮಾತ್ರ ಯುಪಿಎಸ್ ಆನ್. ಆ ಯುಪಿಎಸ್ ಶುದ್ಧ ಸೈನ್ ವೇವ್‌ನದ್ದಾಗಿರಲಿ, ಅಂದರೆ ಗೋಡೆಯ ಕರೆಂಟಿನ ಹಾಗೆ ನಯವಾಗಿ ಏರಿಳಿಯುವ ಕರೆಂಟ್ ಕೊಡುವಂಥದ್ದು. ಚೌಕ ಅಲೆಯ ಅಗ್ಗದ್ದಕ್ಕೆ ಜೋಡಿಸಿದ ಮಿಕ್ಸಿ ಗೊರಗೊರ ಎಂದು ಕಾಯುತ್ತದೆ.

ಆದರೆ 12 ವೋಲ್ಟಿನ ತಂತಿಯನ್ನು ತಾತ್ಸಾರ ಮಾಡುವ ಹಾಗಿಲ್ಲ. ಸಾವಿರ ವ್ಯಾಟಿಗೆ 230 ವೋಲ್ಟಿನಲ್ಲಿ ನಾಲ್ಕೂವರೆ ಆಂಪಿಯರ್ ಸಾಕು, 12ರಲ್ಲಿ ಎಂಬತ್ತು ದಾಟುತ್ತದೆ. ಮನೆಯ ವೈರಿಂಗಿನ ತಂತಿ ಅಲ್ಲಿ ಹೀಟರಿನ ಸುರುಳಿಯ ಹಾಗೆ ಕಾಯುತ್ತದೆ. ಹೆಬ್ಬೆರಳು ಗಾತ್ರದ ಕೇಬಲ್, ಬ್ಯಾಟರಿಯ ತುದಿಗೇ ಒಂದು ಫ್ಯೂಸ್, ಇವೆರಡರಲ್ಲಿ ಚೌಕಾಸಿ ಬೇಡ. ಎರಡು ಬ್ಯಾಟರಿ ಇದ್ದರೆ 24 ವೋಲ್ಟಿಗೆ ಜೋಡಿಸುವುದು ಮೇಲು, ಆಂಪಿಯರ್ ಅರ್ಧಕ್ಕೆ ಇಳಿಯುತ್ತದೆ. ಬಲ್ಬುಗಳಿಗೆ ಆಗ ಇಳಿಸುವ ಕನ್ವರ್ಟರ್ ಬೇಕು.

ನನ್ನ ಮಾತು ಕೇಳಿ ಲೆಕ್ಕ ಹಾಕಿದ ಜ್ಯೂಸ್ ವ್ಯಾನಿನವನೊಬ್ಬ ಗ್ಯಾಸಿನ ರಸೀದಿಯ ಹಿಂದೆ ಬರೆದುಕೊಂಡು ಬಂದಿದ್ದ. ಫ್ರಿಜ್ಜಿಗೆ ಗೀಟು ಹೊಡೆದು ಐಸ್ ಪೆಟ್ಟಿಗೆ ಎಂದು ಬರೆದಿತ್ತು. ಲಿಥಿಯಂ ಒಂದು, ಸೈನ್ ವೇವ್ ಯುಪಿಎಸ್ ಒಂದು ಕೊಂಡ. ಮೊದಲ ದಿನ ವ್ಯಾನನ್ನು ಮನೆ ಮುಂದೆಯೇ ನಿಲ್ಲಿಸಿ, ಬೆಳಗಿನಿಂದ ರಾತ್ರಿಯವರೆಗೆ ನೀರು ಹಾಕಿದ ಮಿಕ್ಸಿಯನ್ನು ನೂರಿಪ್ಪತ್ತು ಸಲ ಓಡಿಸಿ ನೋಡಿದನಂತೆ. ಓಣಿಯವರು ಇವನಿಗೇನಾಯಿತು ಎಂದು ನೋಡಲು ಬಂದರು. ಮನೆಯ ಮಾಡಿನ ಮೇಲೆ ಫಲಕ ಹಾಕಿಸಲು ಬಂದಾಗ ನಾನು ಎಚ್ಚರಿಸಿದೆ: “ಜೂನ್ ಹಿಡಿದರೆ ಮಳೆಯ ದಿನಗಳಲ್ಲಿ ಇದು ಕಾಲು ಭಾಗ ಕೊಟ್ಟರೂ ಪುಣ್ಯ.” ಅವನು ನಕ್ಕ. “ಜೂನ್ ಹಿಡಿದರೆ ಜ್ಯೂಸ್ ಯಾರು ಕುಡಿಯುತ್ತಾರೆ ಸಾರ್? ಆಗ ನಾನು ಬಾದಾಮಿ ಹಾಲು. ಒಲೆ ಗ್ಯಾಸಿನದು, ಬಲ್ಬ್ ನಾಲ್ಕು.”